ಮೇಯುವವರಿಲ್ಲದ ದಿಬ್ಬ: ಜಮೈಕಾದ ಹವಳವನ್ನು ಪಾಚಿ ಆವರಿಸಿದ ಪ್ರಕರಣ

1977ರ ಅಳತೆಗಳ ಪ್ರಕಾರ ಜಮೈಕಾದ ಹವಳದ ದಿಬ್ಬಗಳಲ್ಲಿ ಸಮುದ್ರತಳದ ಸರಾಸರಿ ಶೇಕಡಾ 52ರಷ್ಟು ಭಾಗವನ್ನು ಜೀವಂತ ಹವಳ ಆವರಿಸಿಕೊಂಡಿತ್ತು. ಎಲೆ ರೆಂಬೆಗಳಂತೆ ಎದ್ದು ಬೆಳೆಯುವ ದೊಡ್ಡ ಪಾಚಿಯ ಪಾಲು ಶೇಕಡಾ 4 ಮಾತ್ರ. 1990ರ ದಶಕದ ಆರಂಭದಲ್ಲಿ, 300 ಕಿಲೋಮೀಟರಿಗೂ ಹೆಚ್ಚು ಉದ್ದದ ಕರಾವಳಿಯಲ್ಲಿ ಹರಡಿದ್ದ ತಾಣಗಳನ್ನು ಮತ್ತೆ ಅಳೆದಾಗ ಹವಳ ಶೇಕಡಾ 3ಕ್ಕೆ ಕುಸಿದಿತ್ತು, ಪಾಚಿ ಶೇಕಡಾ 92ಕ್ಕೆ ಏರಿತ್ತು. ಸಮುದ್ರಜೀವಿ ವಿಜ್ಞಾನಿ ಟೆರ್ರಿ ಹ್ಯೂಸ್ 1994ರಲ್ಲಿ ‘ಸೈನ್ಸ್’ ನಿಯತಕಾಲಿಕದಲ್ಲಿ ಈ ಅಂಕಿಗಳನ್ನು ಪ್ರಕಟಿಸಿದರು. ಸಾವಿರಾರು ವರ್ಷಗಳಲ್ಲಿ ಕಟ್ಟಿಕೊಂಡ ಒಂದು ಜೀವವ್ಯವಸ್ಥೆ ಒಬ್ಬ ಮನುಷ್ಯನ ವೃತ್ತಿಜೀವನದ ಅರ್ಧ ಅವಧಿಯಲ್ಲಿ ಮತ್ತೊಂದಾಗಿ ಬದಲಾಗಿಹೋದದ್ದನ್ನು ಇಷ್ಟು ವಿವರವಾಗಿ ದಾಖಲಿಸಿದ ಪ್ರಕರಣಗಳು ಬಹಳ ಕಡಿಮೆ.

ಈ ಕುಸಿತಕ್ಕೆ ಸುಲಭವಾಗಿ ಕೈಗೆ ಸಿಗುವ ಕಾರಣಗಳು ಎರಡು: 1980ರ ಚಂಡಮಾರುತ ಮತ್ತು 1983ರ ಒಂದು ರೋಗ. ಎರಡೂ ನಿಜವಾದ ಕಾರಣಗಳೇ. ಆದರೆ ಚಂಡಮಾರುತಗಳು ಕೆರಿಬಿಯನ್ ಸಮುದ್ರಕ್ಕೆ ಹೊಸವಲ್ಲ. ಲಕ್ಷಾಂತರ ವರ್ಷಗಳಿಂದ ಅವುಗಳ ಹೊಡೆತ ತಿಂದೂ ಹವಳ ಮತ್ತೆ ಮತ್ತೆ ಎದ್ದು ನಿಂತಿದೆ. ಹಾಗಾಗಿ ಈ ಪ್ರಕರಣದಲ್ಲಿ ಕೇಳಬೇಕಾದ ಪ್ರಶ್ನೆ ಹವಳ ಏಕೆ ಸತ್ತಿತು ಎಂಬುದಕ್ಕಿಂತ ಹೆಚ್ಚಾಗಿ, ಸತ್ತ ಮೇಲೆ ಏಕೆ ಮರಳಿ ಬರಲಿಲ್ಲ ಎಂಬುದು. ಅದಕ್ಕೆ ಉತ್ತರ ಹುಡುಕಲು ಹವಳವನ್ನು ಬಿಟ್ಟು ಮೀನುಗಾರರ ದೋಣಿಗೆ ಹೋಗಬೇಕಾಗುತ್ತದೆ. ಕಾಲದಲ್ಲಿಯೂ ಎರಡು ಮೂರು ದಶಕಗಳಷ್ಟು ಹಿಂದಕ್ಕೆ ಸರಿಯಬೇಕಾಗುತ್ತದೆ.

ಕಿರಿದಾದ ಕರಾವಳಿ

ಜಮೈಕಾದ ಉತ್ತರ ತೀರದಲ್ಲಿ ಆಳವಿಲ್ಲದ ಸಮುದ್ರತಳ ಬಹಳ ಕಿರಿದು. ದಡದಿಂದ ಸ್ವಲ್ಪ ದೂರ ಹೋಗುವಷ್ಟರಲ್ಲಿ ತಳ ಕಡಿದಾಗಿ ಇಳಿದು ಗಾಢ ನೀಲಿಯಲ್ಲಿ ಕಣ್ಮರೆಯಾಗುತ್ತದೆ. ಹವಳದ ದಿಬ್ಬ ಬೆಳೆದಿರುವುದು ಈ ಕಿರಿದಾದ ಪಟ್ಟಿಯ ಅಂಚಿನಲ್ಲಿ. ಹುಟ್ಟು ಹಾಕಿ ಅಥವಾ ಸಣ್ಣ ಎಂಜಿನ್ ಕಟ್ಟಿ ದೋಣಿ ನಡೆಸುವ ಮೀನುಗಾರನಿಗೆ ಮೀನು ಸಿಗುವ ಜಾಗವೂ ಇದೇ. ದಕ್ಷಿಣದಲ್ಲಿ ವಿಶಾಲವಾದ ಆಳವಿಲ್ಲದ ಪ್ರದೇಶವಿದೆ, ಇನ್ನೂ ದೂರದಲ್ಲಿ ಪೆಡ್ರೊ ಬ್ಯಾಂಕ್ ಎಂಬ, ಸಮುದ್ರದ ನಡುವಿನ ಆಳವಿಲ್ಲದ ತಾಣವಿದೆ. ಉತ್ತರದ ಸಣ್ಣ ದೋಣಿಗಳಿಗೆ ಅವು ದಿನನಿತ್ಯ ಎಟುಕುವಂಥವಲ್ಲ. ಹೀಗೆ ಹವಳ, ಮೀನು ಮತ್ತು ಮೀನುಗಾರ ಮೂವರೂ ಒಂದೇ ಇಕ್ಕಟ್ಟಾದ ಪಟ್ಟಿಯನ್ನು ನೆಚ್ಚಿಕೊಂಡಿದ್ದರು. ಮುಂದೆ ನಡೆದದ್ದೆಲ್ಲದರ ಹಿಂದೆ ಈ ಭೂಗೋಳವಿದೆ.

ಇದೇ ತೀರದಲ್ಲಿ ಥಾಮಸ್ ಗೊರೊ 1950ರ ದಶಕದಲ್ಲಿ ಉಸಿರಾಟದ ಸಿಲಿಂಡರ್ ಹೊತ್ತು ನೀರಿಗಿಳಿದು ಹವಳದ ಅಧ್ಯಯನ ಆರಂಭಿಸಿದರು. ಹವಳ ಜಾತಿಗಳು ಆಳಕ್ಕೆ ತಕ್ಕಂತೆ ಪಟ್ಟಿಪಟ್ಟಿಯಾಗಿ ಬೆಳೆಯುವುದನ್ನು ವಿವರಿಸಿದ ಅವರ 1959ರ ಪ್ರಬಂಧ ಇಂದಿಗೂ ಕೆರಿಬಿಯನ್ ಹವಳ ಅಧ್ಯಯನದ ಆರಂಭಬಿಂದುಗಳಲ್ಲಿ ಒಂದು. 1960ರ ದಶಕದ ಮಧ್ಯದಲ್ಲಿ ಡಿಸ್ಕವರಿ ಬೇ ಎಂಬಲ್ಲಿ ಅವರು ಸ್ಥಾಪಿಸಿದ ಸಮುದ್ರ ಪ್ರಯೋಗಾಲಯದಿಂದಾಗಿ ಈ ದಿಬ್ಬಗಳು ಜಗತ್ತಿನಲ್ಲಿ ಅತ್ಯಂತ ಹೆಚ್ಚು ಅಧ್ಯಯನಕ್ಕೊಳಗಾದ ಹವಳದ ದಿಬ್ಬಗಳ ಸಾಲಿಗೆ ಸೇರಿದವು. ಅಲೆ ಒಡೆಯುವ ಕಡೆ ಜಿಂಕೆಯ ಅಗಲ ಕೊಂಬಿನಂತಹ ಎಲ್ಕ್‌ಹಾರ್ನ್ ಹವಳ, ಅದರ ಕೆಳಗೆ ಸಪೂರ ಕವಲುಗಳ ಸ್ಟ್ಯಾಗ್‌ಹಾರ್ನ್ ಹವಳದ ಪೊದೆಗಳು, ಇನ್ನೂ ಕೆಳಗೆ ಗುಡ್ಡದಂತೆ ಉಬ್ಬಿ ನಿಂತ ಗುಂಡು ಹವಳಗಳು. 1970ರ ದಶಕದಲ್ಲಿ ಇಲ್ಲಿ ಮುಳುಗಿದ ಸಂಶೋಧಕರಿಗೆ ಇದು ಪುಷ್ಟವಾದ, ಸ್ಥಿರವಾದ ದಿಬ್ಬವಾಗಿಯೇ ಕಂಡಿತು. ಹವಳವನ್ನಷ್ಟೇ ಎಣಿಸಿದರೆ ಹಾಗೆ ಕಾಣುವುದು ಸಹಜವೇ ಆಗಿತ್ತು.

ಕೂಳಿಯೊಳಗಿನ ಮೀನು

ಜಮೈಕಾದ ಮೀನುಗಾರರ ಮುಖ್ಯ ಸಾಧನ ಕೂಳಿ. ಮರದ ಕೋಲುಗಳ ಚೌಕಟ್ಟಿಗೆ ಷಟ್ಕೋನದ ಕಣ್ಣುಗಳಿರುವ ತಂತಿಜಾಲರಿ ಹೊದಿಸಿ, ಒಳಗೆ ಬಾಗಿದ ಕೊಳವೆಯಂತಹ ಬಾಯಿ ಕೂಡಿಸಿ ಇದನ್ನು ಮಾಡುತ್ತಾರೆ. ಒಳಗೆ ಬಂದ ಮೀನಿಗೆ ಹೊರಗೆ ಹೋಗುವ ದಾರಿ ತಿಳಿಯುವುದಿಲ್ಲ. ಅದನ್ನು ದಿಬ್ಬದ ಮೇಲೆ ಇಳಿಸಿ, ಕೆಲವು ದಿನ ಬಿಟ್ಟು ಎತ್ತಿ, ಮತ್ತೆ ಇಳಿಸುತ್ತಾರೆ. ಕೂಳಿಗೆ ಮೀನಿನ ಜಾತಿ ಗೊತ್ತಿಲ್ಲ. ಬೇಟೆಯಾಡುವ ಗ್ರೂಪರ್, ಸ್ನ್ಯಾಪರ್ ಮೀನುಗಳೂ ಬೀಳುತ್ತವೆ, ಪಾಚಿ ಮೇಯುವ ಗಿಳಿಮೀನು, ಸರ್ಜನ್ ಮೀನುಗಳೂ ಬೀಳುತ್ತವೆ. ಅದಕ್ಕೆ ಗೊತ್ತಿರುವುದು ಗಾತ್ರವೊಂದೇ: ಜಾಲರಿಯ ಕಣ್ಣಿನಲ್ಲಿ ನುಸುಳಬಲ್ಲದ್ದು ಪಾರಾಗುತ್ತದೆ, ಉಳಿದದ್ದು ದೋಣಿಗೆ ಬರುತ್ತದೆ. ಕಣ್ಣು ಸುಮಾರು ಒಂದೂಕಾಲು ಇಂಚಿನದಾದರೆ ಅಂಗೈ ಉದ್ದದ ಮೀನಿಗೂ ಪಾರಾಗುವ ದಾರಿಯಿಲ್ಲ.

1943ರಲ್ಲಿ ಸುಮಾರು 12 ಲಕ್ಷವಿದ್ದ ಜಮೈಕಾದ ಜನಸಂಖ್ಯೆ 1991ರ ಹೊತ್ತಿಗೆ ಸುಮಾರು 24 ಲಕ್ಷವಾಯಿತು. ಮೀನಿಗೆ ಬೇಡಿಕೆ ಹೆಚ್ಚುತ್ತಾ ಹೋಯಿತು. ಬೇರೆ ಉದ್ಯೋಗ ಸಿಗದವರಿಗೆ ಸಮುದ್ರ ತೆರೆದ ಬಾಗಿಲಾಗಿಯೇ ಇತ್ತು. ಹ್ಯೂಸ್ ಒಟ್ಟುಗೂಡಿಸಿದ ಮಾಹಿತಿಯ ಪ್ರಕಾರ 1973ರಲ್ಲಿ ಉತ್ತರ ಕರಾವಳಿಯಲ್ಲಿ ಕೂಳಿ ಹಾಕುತ್ತಿದ್ದ ದೋಣಿಗಳು ಸುಮಾರು 1800. ಆಳವಿಲ್ಲದ ಸಮುದ್ರತಳದ ಪ್ರತಿ ಚದರ ಕಿಲೋಮೀಟರಿಗೆ ಮೂರೂವರೆ ದೋಣಿ. ದಿಬ್ಬ ತಾಳಿಕೊಳ್ಳಬಲ್ಲ ಮಟ್ಟಕ್ಕಿಂತ ಇದು ಎರಡು ಮೂರು ಪಟ್ಟು ಹೆಚ್ಚು. ಅದಕ್ಕೂ ಮೊದಲೇ, 1960ರ ದಶಕದ ಕೊನೆಯ ಹೊತ್ತಿಗೆ, ಉತ್ತರ ತೀರದ ದಿಬ್ಬಗಳಲ್ಲಿ ಮೀನಿನ ಒಟ್ಟು ತೂಕ ಶೇಕಡಾ 80ರವರೆಗೂ ಇಳಿದಿತ್ತು. ಜಾನ್ ಮನ್ರೊ ಮುಂತಾದವರು ಆ ಕಾಲದಲ್ಲಿಯೇ ಜಮೈಕಾದ ಮೀನುಗಾರಿಕೆಯನ್ನು ಅಳೆದು, ಕೂಳಿಗಳ ಒತ್ತಡ ಮಿತಿಮೀರಿದೆಯೆಂದು ಬರೆದಿದ್ದರು.

ಈ ಇಳಿಕೆ ಎಲ್ಲ ಮೀನುಗಳಲ್ಲೂ ಒಂದೇ ಸಮನಾಗಿರಲಿಲ್ಲ. ಮೊದಲು ಮಾಯವಾದವು ದೊಡ್ಡವು: ಶಾರ್ಕ್, ದೊಡ್ಡ ಗ್ರೂಪರ್, ಸ್ನ್ಯಾಪರ್, ಟ್ರಿಗರ್ ಮೀನು. ಕಡಲಾಮೆಗಳು ಅದಕ್ಕೂ ಹಿಂದೆಯೇ ವಿರಳವಾಗಿದ್ದವು. ಆಮೇಲೆ ಕೂಳಿಗೆ ಉಳಿದದ್ದು ಆಹಾರ ಸರಪಳಿಯ ಕೆಳಗಿನ ಕೊಂಡಿಯವು, ಅಂದರೆ ಗಿಳಿಮೀನು ಮತ್ತು ಸರ್ಜನ್ ಮೀನು. ಅವೂ ಬರಬರುತ್ತಾ ಚಿಕ್ಕದಾದವು. ಕೂಳಿಗೆ ಬೀಳುತ್ತಿದ್ದ ಜಾತಿಗಳಲ್ಲಿ ಅರ್ಧದಷ್ಟು, ಮೊಟ್ಟೆಯಿಡುವ ವಯಸ್ಸಿಗೆ ಬರುವ ಮೊದಲೇ ಸಿಕ್ಕಿಬೀಳುತ್ತಿದ್ದವು. ತಾಯಿ ಮೀನುಗಳಿಲ್ಲದ ತೀರಕ್ಕೆ ಮರಿಗಳು ಪ್ರವಾಹದಲ್ಲಿ ತೇಲಿಕೊಂಡು ಬೇರೆಡೆಯಿಂದ ಬರಬೇಕಾಗಿತ್ತು. ಇದನ್ನು ಎಲ್ಲರಿಗಿಂತ ಮೊದಲು ಕಂಡವರು ಮೀನುಗಾರರು. ಕೂಳಿ ಎತ್ತಿದಾಗಲೆಲ್ಲ ಅವರ ಕಣ್ಣ ಮುಂದೆ ಬರುತ್ತಿದ್ದದ್ದು ಇದೇ ಸಾಕ್ಷ್ಯ. ಹವಳದ ಕುಸಿತಕ್ಕೆ ಕನಿಷ್ಠ ಹತ್ತು ವರ್ಷ ಮೊದಲೇ ದಿಬ್ಬದ ಸ್ಥಿತಿಯನ್ನು ಹೇಳಬಲ್ಲ ದಾಖಲೆ ಇದ್ದದ್ದು ಹವಳದ ಛಾಯಾಚಿತ್ರಗಳಲ್ಲಿ ಅಲ್ಲ, ಕೂಳಿಯೊಳಗಿನ ಮೀನಿನ ಉದ್ದದಲ್ಲಿ ಎಂಬುದು ಈ ಪ್ರಕರಣವನ್ನು ಓದುವಾಗ ನನ್ನನ್ನು ಮತ್ತೆ ಮತ್ತೆ ತಡೆದು ನಿಲ್ಲಿಸುವ ಸಂಗತಿ.

ಉಳಿದಿದ್ದ ಒಂದೇ ಜೀವಿ

ಪಾಚಿ ಮೇಯುವ ಮೀನು ಇಷ್ಟು ಕಡಿಮೆಯಾದ ಮೇಲೂ 1970ರ ದಶಕದಲ್ಲಿ ದಿಬ್ಬ ಸ್ವಚ್ಛವಾಗಿದ್ದದ್ದು ಹೇಗೆ? ಆ ಕೆಲಸವನ್ನು ಸೀ ಅರ್ಚಿನ್ ಗುಂಪಿನ ಒಂದು ಜೀವಿ ವಹಿಸಿಕೊಂಡಿತ್ತು. ಅದರ ಹೆಸರು ಡಯಾಡೆಮಾ ಆಂಟಿಲಾರಮ್. ಮುಷ್ಟಿಗಾತ್ರದ ಕಪ್ಪು ದೇಹ, ಸುತ್ತಲೂ ಸೂಜಿಯಂತಹ ಉದ್ದ ಮುಳ್ಳುಗಳು, ಕೆಳಭಾಗದ ಬಾಯಿಯಲ್ಲಿ ಐದು ಹಲ್ಲುಗಳು. ಹಗಲು ಬಿರುಕುಗಳಲ್ಲಿ ಅಡಗಿದ್ದು ರಾತ್ರಿ ಹೊರಬಂದು ಬಂಡೆಯನ್ನು ಕೆರೆದು ಕೆರೆದು ಪಾಚಿಯನ್ನು ತಿನ್ನುತ್ತದೆ. ಜಮೈಕಾದ ಆಳವಿಲ್ಲದ ದಿಬ್ಬಗಳಲ್ಲಿ ಆಗ ಚದರ ಮೀಟರಿಗೆ ಹತ್ತರ ಆಸುಪಾಸಿನಲ್ಲಿ ಡಯಾಡೆಮಾಗಳಿದ್ದವು. ಅವುಗಳನ್ನು ತಿನ್ನುವ ಟ್ರಿಗರ್ ಮೀನಿನಂತಹ ಶತ್ರುಗಳು ಕೂಳಿಗೆ ಬಿದ್ದು ಕಡಿಮೆಯಾಗಿದ್ದವು. ಅದೇ ಪಾಚಿಗಾಗಿ ಪೈಪೋಟಿ ನಡೆಸುವ ಮೀನುಗಳೂ ಕೂಳಿಗೆ ಬಿದ್ದು ಕಡಿಮೆಯಾಗಿದ್ದವು. ಹೀಗೆ ಮೀನುಗಾರಿಕೆಯೇ ಎರಡು ಕಡೆಯಿಂದ ಡಯಾಡೆಮಾಕ್ಕೆ ಜಾಗ ಬಿಟ್ಟುಕೊಟ್ಟಿತ್ತು.

ಈ ಮೇಯುವಿಕೆಯ ಬೆಲೆಯೇನೆಂದು ಆಗಲೇ ಗೊತ್ತಿತ್ತು. 1970ರ ದಶಕದ ಆರಂಭದಲ್ಲಿ ಸೇಂಟ್ ಕ್ರೋಯ್ ದ್ವೀಪದ ಒಂದು ಸಣ್ಣ ದಿಬ್ಬದಿಂದ ಸಂಶೋಧಕರು ಡಯಾಡೆಮಾಗಳನ್ನು ತೆಗೆದುಹಾಕಿದಾಗ ಅಲ್ಲಿ ಪಾಚಿ ದಟ್ಟವಾಗಿ ಬೆಳೆದಿತ್ತು. ಆದರೆ ಕೆಲಸ ನಡೆಯುತ್ತಿದೆ ಎಂಬುದು ಬೇರೆ, ಆ ಕೆಲಸ ಮಾಡಬಲ್ಲವರು ಎಷ್ಟು ಮಂದಿ ಉಳಿದಿದ್ದಾರೆ ಎಂಬುದು ಬೇರೆ. ಗಿಳಿಮೀನಿನ ಹಲವು ಜಾತಿಗಳು, ಸರ್ಜನ್ ಮೀನುಗಳು ಮತ್ತು ಡಯಾಡೆಮಾ ಎಲ್ಲವೂ ಸೇರಿ ಮೇಯುವ ದಿಬ್ಬದಲ್ಲಿ ಒಂದಕ್ಕೆ ಕೇಡು ಬಂದರೆ ಮತ್ತೊಂದು ಆ ಪಾಲನ್ನು ತಕ್ಕಮಟ್ಟಿಗೆ ಎತ್ತಿಕೊಳ್ಳುತ್ತದೆ. ಜಮೈಕಾದಲ್ಲಿ ಪಾಚಿ ಮೊದಲಿನಷ್ಟೇ ಕಡಿಮೆಯಿತ್ತು, ಹವಳ ಮೊದಲಿನಷ್ಟೇ ಹೆಚ್ಚಿತ್ತು. ಬದಲಾಗಿದ್ದದ್ದು ಅವುಗಳನ್ನು ಹಾಗೆ ಇಟ್ಟಿದ್ದ ಆಸರೆಗಳ ಸಂಖ್ಯೆ. ಒಂದೇ ಕಂಬದ ಮೇಲೆ ನಿಂತ ಮಾಡು ಬೀಳುವ ತನಕ ಮಾಡಿನಂತೆಯೇ ಕಾಣುತ್ತದೆ.

1980 ಮತ್ತು 1983

1980ರ ಆಗಸ್ಟಿನಲ್ಲಿ ಅಲನ್ ಚಂಡಮಾರುತ ಜಮೈಕಾದ ಉತ್ತರಕ್ಕೆ ಹಾದುಹೋಯಿತು. ದಶಕಗಳಿಂದ ದೊಡ್ಡ ಬಿರುಗಾಳಿಯ ಹೊಡೆತ ತಿನ್ನದ ಈ ತೀರದಲ್ಲಿ ಎಲ್ಕ್‌ಹಾರ್ನ್, ಸ್ಟ್ಯಾಗ್‌ಹಾರ್ನ್‌ಗಳಂತಹ ಕವಲು ಹವಳಗಳು ದಟ್ಟವಾಗಿ ಬೆಳೆದು ನಿಂತಿದ್ದವು. ಅಲೆಗಳು ಅವನ್ನು ಒಂದೇ ದಿನದಲ್ಲಿ ಪುಡಿಗಟ್ಟಿದವು. ಗುಂಡು ಹವಳಗಳಿಗೆ ಅಷ್ಟು ಪೆಟ್ಟು ಬೀಳಲಿಲ್ಲ. ಬಿರುಗಾಳಿಯ ನಂತರದ ತಿಂಗಳುಗಳಲ್ಲಿ ಇನ್ನೊಂದು ಸಾವು ಕಾಣಿಸಿತು. ಸ್ಟ್ಯಾಗ್‌ಹಾರ್ನ್‌ನ ಮುರಿದ ತುಂಡು ಸಾಮಾನ್ಯವಾಗಿ ತಳಕ್ಕೆ ಅಂಟಿಕೊಂಡು ಹೊಸ ಪೊದೆಯಾಗುತ್ತದೆ; ಆದರೆ ಈ ಬಾರಿ ಉಳಿದಿದ್ದ ಕೆಲವೇ ತುಂಡುಗಳ ಮೇಲೆ ಹವಳ ತಿನ್ನುವ ಬಸವನಹುಳು ಮತ್ತು ಮುಳ್ಳುಹುಳುಗಳು ಮುಗಿಬಿದ್ದವು. ದೊಡ್ಡ ಹಿಂಡಿನ ನಡುವೆ ಗಣನೆಗೆ ಬಾರದಷ್ಟಿದ್ದ ಈ ಭಕ್ಷಕರ ಹಸಿವು, ಹಿಂಡು ಕರಗಿದ ಮೇಲೆ ಉಳಿದ ಪ್ರತಿಯೊಂದನ್ನೂ ಮುಗಿಸಲು ಸಾಕಾಯಿತು. ನ್ಯಾನ್ಸಿ ನೋಲ್ಟನ್ ಮತ್ತು ಸಂಗಡಿಗರು ದಾಖಲಿಸಿದಂತೆ, ಈ ತಡವಾದ ಸಾವು ಬಿರುಗಾಳಿಯ ನೇರ ಪೆಟ್ಟಿಗಿಂತ ಹೆಚ್ಚು ಹಾನಿ ಮಾಡಿತು.

ಇಷ್ಟಾದರೂ ದಿಬ್ಬ ಮುಗಿದಿರಲಿಲ್ಲ. ಬಿರುಗಾಳಿಯಲ್ಲಿ ಬರಿದಾದ ಬಂಡೆಯ ಮೇಲೆ ಮೊದಲು ಪಾಚಿ ಎದ್ದಿತು. ಡಯಾಡೆಮಾಗಳು ಅದನ್ನು ಮೇದು ಕೆಲವು ತಿಂಗಳಲ್ಲಿ ಮತ್ತೆ ಬಯಲು ಮಾಡಿದವು. ಹೊಸ ಹವಳದ ಮರಿಗಳು ಗಣನೀಯ ಸಂಖ್ಯೆಯಲ್ಲಿ ನೆಲೆಗೊಂಡವು. ಮುಂದಿನ ಮೂರು ವರ್ಷ ಹವಳ ನಿಧಾನವಾಗಿ ಹೆಚ್ಚುತ್ತಿತ್ತು. ಬಿರುಗಾಳಿಯೊಂದೇ ಕಾರಣವೆನ್ನುವ ವಾದಕ್ಕೆ ಈ ಮೂರು ವರ್ಷಗಳೇ ಉತ್ತರ.

1983ರ ಜನವರಿಯಲ್ಲಿ ಪನಾಮಾ ಕಾಲುವೆಯ ಕೆರಿಬಿಯನ್ ತುದಿಯ ಸಮೀಪ ಡಯಾಡೆಮಾಗಳು ಸಾಯುತ್ತಿರುವುದು ಕಂಡುಬಂದಿತು. ಸಾವು ಸಮುದ್ರ ಪ್ರವಾಹಗಳ ಜಾಡು ಹಿಡಿದು ಸಾಗಿತು. ಅದೇ ವರ್ಷದ ಮಧ್ಯಭಾಗದಲ್ಲಿ ಅದು ಜಮೈಕಾವನ್ನು ಮುಟ್ಟಿತು. ಸುಮಾರು ಒಂದು ವರ್ಷದ ಅವಧಿಯಲ್ಲಿ ಇಡೀ ಕೆರಿಬಿಯನ್ ಸಮುದ್ರವನ್ನು ವ್ಯಾಪಿಸಿತು. ರೋಗ ತಗುಲಿದ ಡಯಾಡೆಮಾ ಹಗಲಿನಲ್ಲಿಯೇ ಬಿರುಕಿನಿಂದ ಹೊರಬರುತ್ತಿತ್ತು. ಬಂಡೆಯನ್ನು ಹಿಡಿದುಕೊಳ್ಳುವ ಸಣ್ಣ ಕಾಲುಗಳು ಸಡಿಲವಾಗುತ್ತಿದ್ದವು, ಮುಳ್ಳುಗಳ ಮೇಲೆ ಕಸ ಅಂಟಿಕೊಳ್ಳುತ್ತಿತ್ತು, ಬಳಿಕ ಮುಳ್ಳುಗಳು ಉದುರಿ ಬಿಳಿಯ ಚಿಪ್ಪು ಕಾಣುತ್ತಿತ್ತು. ಅದು ಸಾಯುವ ಮೊದಲೇ ಮೀನುಗಳು ಬಂದು ಕುಕ್ಕುತ್ತಿದ್ದವು. ನೆರೆಯಲ್ಲಿಯೇ ಇದ್ದ ಬೇರೆ ಜಾತಿಯ ಅರ್ಚಿನ್‌ಗಳಿಗೆ ಏನೂ ಆಗಲಿಲ್ಲ. ಒಂದು ತಾಣದಲ್ಲಿ ಸಾವು ಆರಂಭವಾದರೆ ದಿನಗಳು ಅಥವಾ ವಾರಗಳಲ್ಲಿ ಮುಗಿಯುತ್ತಿತ್ತು. ಜಮೈಕಾದಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತಲೂ ಹೆಚ್ಚು ಡಯಾಡೆಮಾಗಳು ಸತ್ತವು. ಆ ರೋಗಾಣು ಯಾವುದೆಂದು ಆಗ ಪತ್ತೆಯಾಗಲಿಲ್ಲ.

ಮೇಯುವ ಜೀವಿ ಹೋದ ಮೇಲೆ ಪಾಚಿ ತಡಮಾಡಲಿಲ್ಲ. ವಾರಗಳಲ್ಲಿ ಬಂಡೆಯ ಮೇಲೆ ಹಸಿರು ಪದರ ದಪ್ಪವಾಯಿತು. ಮುಂದಿನ ವರ್ಷಗಳಲ್ಲಿ ಸಾರ್ಗ್ಯಾಸಮ್, ಡಿಕ್ಟಿಯೋಟ, ಲೋಬೊಫೋರ, ಹ್ಯಾಲಿಮೀಡ ಎಂಬ ದೊಡ್ಡ ಪಾಚಿಗಳು ಅದರ ಜಾಗ ಹಿಡಿದವು. ಬೆಳೆದು ನಿಂತ ಹವಳದ ಅಂಚನ್ನು ಪಾಚಿ ಆವರಿಸಿ ಉಜ್ಜುತ್ತಾ, ನೆರಳು ಮಾಡುತ್ತಾ ಸ್ವಲ್ಪಸ್ವಲ್ಪವಾಗಿ ಕೊಲ್ಲುತ್ತದೆ. ಇದು ನಿಧಾನದ ಹಾನಿ. ಅದಕ್ಕಿಂತ ದೊಡ್ಡದು ಕಣ್ಣಿಗೆ ಕಾಣದ ಇನ್ನೊಂದು ಹಾನಿ. ನೀರಿನಲ್ಲಿ ತೇಲಿಬರುವ ಹವಳದ ಲಾರ್ವಾ ಸಾಸಿವೆಯಷ್ಟಿರುತ್ತದೆ ಅಥವಾ ಅದಕ್ಕಿಂತ ಚಿಕ್ಕದು. ಅದಕ್ಕೆ ಬೇಕಾದದ್ದು ಗಟ್ಟಿಯಾದ, ಬರಿದಾದ, ಬೆಳಕು ಬೀಳುವ ಚೂರು ಜಾಗ. ಅಂಟಿಕೊಂಡ ಮೇಲೂ ಮೊದಲ ವರ್ಷದಲ್ಲಿ ಅದು ಕೆಲವು ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಒಂದು ಅಂಗುಲ ಎತ್ತರದ ಪಾಚಿ ಅದಕ್ಕೆ ಕಾಡು. ಹೀಗಾಗಿ 1983ರ ನಂತರ ಹಳೆಯ ಹವಳ ಒಂದೊಂದಾಗಿ ಸಾಯುತ್ತಿದ್ದಂತೆ ಆ ಜಾಗಕ್ಕೆ ಹೊಸ ತಲೆಮಾರು ಬರುವುದೇ ನಿಂತುಹೋಯಿತು.

ಗಿಳಿಮೀನುಗಳಾದರೂ ಏಕೆ ಆ ಜಾಗ ತುಂಬಲಿಲ್ಲ ಎಂದರೆ, ತುಂಬುವಷ್ಟು ಗಿಳಿಮೀನುಗಳು ಇರಲಿಲ್ಲ. ಹುಟ್ಟಿ ಬಂದವು ದೊಡ್ಡದಾಗುವ ಮೊದಲೇ ಕೂಳಿಗೆ ಬೀಳುತ್ತಿದ್ದವು. ಡಯಾಡೆಮಾ ತಾನೇ ಏಕೆ ಚೇತರಿಸಲಿಲ್ಲ ಎಂಬುದಕ್ಕೆ ಅದರ ಸಂತಾನೋತ್ಪತ್ತಿಯ ಕ್ರಮದಲ್ಲಿ ಒಂದು ಉತ್ತರವಿದೆ. ಗಂಡು ಹೆಣ್ಣುಗಳು ವೀರ್ಯ ಮತ್ತು ಅಂಡಗಳನ್ನು ನೀರಿಗೆ ಬಿಡುತ್ತವೆ. ಅವು ಕಲೆಯಬೇಕಾದರೆ ಹತ್ತಿರದಲ್ಲಿ ನೆರೆಯವರಿರಬೇಕು. ಚದರ ಮೀಟರಿಗೆ ಹತ್ತಿದ್ದ ಜೀವಿ ದೂರ ದೂರಕ್ಕೆ ಒಂದೊಂದಾಗಿ ಉಳಿದಾಗ ನೀರಿಗೆ ಬಿಟ್ಟದ್ದು ನೀರಿನಲ್ಲಿಯೇ ಕರಗುತ್ತದೆ. ಉಳಿದವು ಬದುಕಿದ್ದರೂ ಪೀಳಿಗೆ ಬೆಳೆಯಲಿಲ್ಲ.

1988ರ ಸೆಪ್ಟೆಂಬರಿನಲ್ಲಿ ಗಿಲ್ಬರ್ಟ್ ಚಂಡಮಾರುತ ನೇರವಾಗಿ ಜಮೈಕಾದ ಮೇಲೆ ಹಾದುಹೋಯಿತು. 1987, 1989 ಮತ್ತು 1990ರಲ್ಲಿ ನೀರು ಬಿಸಿಯಾಗಿ ಹವಳ ಬಿಳುಚಿತು. ಈ ಘಟನೆಗಳು ಸೇರಿಸಿದ ಹಾನಿ ಕಡಿಮೆಯದಲ್ಲ. ಆದರೆ ಅವು ಬಂದದ್ದು ಚೇತರಿಸುವ ದಾರಿ ಮುಚ್ಚಿಹೋದ ದಿಬ್ಬದ ಮೇಲೆ.

ಕೊಳಕು ನೀರಿನ ವಾದ

ಈ ವಿವರಣೆಯನ್ನು ಎಲ್ಲರೂ ಒಪ್ಪಲಿಲ್ಲ. ಬ್ರಯನ್ ಲಾಪಾಯಿಂಟ್ 1997ರಲ್ಲಿ ಇನ್ನೊಂದು ವಾದ ಮುಂದಿಟ್ಟರು: ಡಿಸ್ಕವರಿ ಬೇಯಲ್ಲಿ ಸುಣ್ಣಕಲ್ಲಿನ ನೆಲದಡಿಯಿಂದ ಒಸರುವ ಸಿಹಿನೀರು ಸಾರಜನಕವನ್ನು ಹೊತ್ತು ತರುತ್ತದೆ, ಪಾಚಿ ಹೆಚ್ಚಲು ಮೇಯುವವರ ಕೊರತೆಯಷ್ಟೇ ಅಲ್ಲ, ಈ ಗೊಬ್ಬರವೂ ಕಾರಣ. ಈ ವಾದವನ್ನು ಹಗುರವಾಗಿ ತಳ್ಳಿಹಾಕಬಾರದು. ಜನವಸತಿ ಹೆಚ್ಚಿದ ಕಡೆ ಚರಂಡಿಯ ನೀರು ಸಮುದ್ರ ಸೇರುವುದು ಜಮೈಕಾದ ಕೊಲ್ಲಿಗಳಲ್ಲಿ ನಿಜವಾದ ಸಮಸ್ಯೆ, ಮತ್ತು ಪೋಷಕಾಂಶ ಹೆಚ್ಚಿದಷ್ಟೂ ಮೇಯುವವರ ಮೇಲೆ ಹೊರೆ ಹೆಚ್ಚುತ್ತದೆ. ಆದರೆ ಎರಡು ಸಂಗತಿಗಳು ನನ್ನನ್ನು ಹ್ಯೂಸ್ ಅವರ ಕಡೆಗೆ ಒಲಿಸುತ್ತವೆ. ಪಾಚಿ ಎದ್ದದ್ದು ಡಯಾಡೆಮಾ ಸತ್ತ ಕೂಡಲೇ. ಪೋಷಕಾಂಶ ಆ ಒಂದು ತಿಂಗಳಲ್ಲಿ ಹಠಾತ್ತನೆ ಏರಲು ಕಾರಣವಿರಲಿಲ್ಲ. ಅದು ಎದ್ದದ್ದು ಒಂದು ಕೊಲ್ಲಿಯಲ್ಲಿ ಅಲ್ಲ, ಊರಿರುವ ಕಡೆಯೂ ಇಲ್ಲದ ಕಡೆಯೂ ನೂರಾರು ಕಿಲೋಮೀಟರ್ ಉದ್ದಕ್ಕೆ. ಮೂರನೆಯ ಸಾಕ್ಷ್ಯ ಮುಂದೆ ಡಯಾಡೆಮಾ ಮರಳಿದ ಕಡೆಗಳಿಂದ ಬಂದಿತು: ನೀರು ಅದೇ ಇದ್ದಾಗಲೂ ಪಾಚಿ ಹಿಂದೆ ಸರಿಯಿತು.

ತೀರದ ಜನ

ಈ ಪ್ರಕರಣವನ್ನು ಚುಟುಕಾಗಿ ಹೇಳುವವರು ಬಹುಬೇಗ ಮೀನುಗಾರರನ್ನು ತಪ್ಪಿತಸ್ಥರ ಸ್ಥಾನದಲ್ಲಿ ನಿಲ್ಲಿಸುತ್ತಾರೆ. ಅದು ಅರ್ಧಸತ್ಯ, ಮತ್ತು ಅನ್ಯಾಯದ ಅರ್ಧಸತ್ಯ. ದಿಬ್ಬದಿಂದ ಎಷ್ಟು ಮೀನು ತೆಗೆಯಬಹುದೆಂದು ಮಿತಿ ಹಾಕುವ ಅಧಿಕಾರ ಒಬ್ಬ ಮೀನುಗಾರನ ಕೈಯಲ್ಲಿ ಇರಲಿಲ್ಲ. ತಾನು ಬಿಟ್ಟ ಮರಿಮೀನು ನಾಳೆ ಪಕ್ಕದ ದೋಣಿಯ ಕೂಳಿಗೆ ಬೀಳುತ್ತದೆ ಎಂದು ಗೊತ್ತಿರುವಾಗ ದೊಡ್ಡ ಕಣ್ಣಿನ ಜಾಲರಿ ಕಟ್ಟುವುದು ತನ್ನ ಮನೆಯವರ ಊಟ ಕಡಿತಗೊಳಿಸಿ ಇನ್ನೊಬ್ಬರಿಗೆ ಬಡಿಸಿದಂತೆ. ದಿಬ್ಬ ಕುಸಿದ ಮೇಲೆ ಅದರ ನಷ್ಟವನ್ನು ಮೊದಲು ಹೊತ್ತವರೂ ಅವರೇ. ಕವಲು ಹವಳದ ಪೊದೆಗಳು ಹೋದಾಗ ಮರಿಮೀನು ಅಡಗುವ ಸಂದುಗಳು ಹೋದವು. ಅದೇ ಶ್ರಮಕ್ಕೆ ಸಿಗುವ ಮೀನು ಕಡಿಮೆಯಾಯಿತು, ಸಿಕ್ಕಿದ್ದು ಸಣ್ಣದಾಯಿತು, ದೂರದ ನೀರಿಗೆ ಹೋಗಬಲ್ಲವರು ಹೋದರು, ಉಳಿದವರು ಈಟಿ ಹಿಡಿದು ರಾತ್ರಿ ಮಲಗಿದ ಗಿಳಿಮೀನುಗಳನ್ನು ಚುಚ್ಚಿ ತರುವ ಬೇಟೆಗೂ ಇಳಿದರು. ಹಸಿವು ದಿಬ್ಬವನ್ನು ಇನ್ನಷ್ಟು ಬರಿದು ಮಾಡುತ್ತದೆ, ಬರಿದಾದ ದಿಬ್ಬ ಹಸಿವನ್ನು ಹೆಚ್ಚಿಸುತ್ತದೆ.

ಡಿಸ್ಕವರಿ ಬೇಯಲ್ಲಿ 1990ರ ದಶಕದ ಆರಂಭದಲ್ಲಿ ಪ್ರಯೋಗಾಲಯದ ವಿಜ್ಞಾನಿಗಳು ಮತ್ತು ಮೀನುಗಾರರು ಸೇರಿ ಒಂದು ಪ್ರಯತ್ನ ಮಾಡಿದರು. ಸಣ್ಣ ಕಣ್ಣಿನ ಜಾಲರಿಯನ್ನು ಒಪ್ಪಿಸಿದ ಮೀನುಗಾರರಿಗೆ ಒಂದೂವರೆ ಇಂಚಿನ ಕಣ್ಣಿನ ಜಾಲರಿಯನ್ನು ಬದಲಿಗೆ ಕೊಡಲಾಯಿತು. ಕಾಲು ಇಂಚಿನ ವ್ಯತ್ಯಾಸ ಕೇಳಲು ಅಲ್ಪವೆನಿಸುತ್ತದೆ. ಆದರೆ ಅಷ್ಟು ಅಗಲವಾದ ಕಣ್ಣಿನಲ್ಲಿ ನುಸುಳಿ ಪಾರಾಗುವ ಗಿಳಿಮೀನಿಗೆ ಇನ್ನೂ ಸ್ವಲ್ಪ ಕಾಲ ಬೆಳೆಯಲು ಅವಕಾಶ ಸಿಗುತ್ತದೆ, ಆ ಅವಧಿಯಲ್ಲಿ ಅದು ಮೇಯುತ್ತದೆ, ಮತ್ತೆ ಸಿಕ್ಕಿಬಿದ್ದಾಗ ತೂಕವೂ ಹೆಚ್ಚಿರುತ್ತದೆ. ಈ ಕ್ರಮದ ದೊಡ್ಡ ಗುಣವೆಂದರೆ ಅದು ಮೀನುಗಾರನಿಂದ ತ್ಯಾಗವನ್ನು ಕೇಳುವ ಮೊದಲು ಅವನ ಖರ್ಚನ್ನು ತಾನು ಹೊತ್ತುಕೊಂಡಿತು. ಅದರ ಮಿತಿಯೂ ಸ್ಪಷ್ಟ: ಒಂದು ಕೊಲ್ಲಿಯವರು ಜಾಲರಿ ಬದಲಿಸಿದರೆ ಪಕ್ಕದ ಕೊಲ್ಲಿಯವರ ಕೂಳಿ ಹಾಗೆಯೇ ಇರುತ್ತದೆ.

2009ರ ನಂತರ ಜಮೈಕಾ ಸರ್ಕಾರ ಮೀನುಗಾರಿಕೆ ನಿಷೇಧಿಸಿದ ಪ್ರದೇಶಗಳ ಸಂಖ್ಯೆಯನ್ನು ಹೆಚ್ಚಿಸಿತು. ಉತ್ತರ ತೀರದ ಒರಕಬೆಸ್ಸ ಕೊಲ್ಲಿಯಲ್ಲಿ ಮೀನುಗಾರರೇ ಕಾವಲುಗಾರರಾಗಿ ಕೆಲಸ ಮಾಡಿದರು. ಮೀನು ಹಿಡಿಯುವುದನ್ನು ನಿಲ್ಲಿಸಿದರೆ ಮೇಯುವಿಕೆ ಮರಳುತ್ತದೆ ಎಂಬುದಕ್ಕೆ ಬಹಾಮಾಸ್‌ನ ಎಕ್ಸೂಮಾ ಕೇಸ್ ಉದ್ಯಾನದಿಂದ ಬಲವಾದ ಸಾಕ್ಷ್ಯವಿದೆ. ಅಲ್ಲಿ 1986ರಿಂದ ಮೀನುಗಾರಿಕೆ ನಿಷಿದ್ಧ. ಪೀಟರ್ ಮಂಬಿ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದಂತೆ, ಹೊರಗಿಗಿಂತ ಉದ್ಯಾನದೊಳಗೆ ಗಿಳಿಮೀನುಗಳ ಮೇಯುವಿಕೆ ಹೆಚ್ಚಿತ್ತು, ದೊಡ್ಡ ಪಾಚಿ ಗಣನೀಯವಾಗಿ ಕಡಿಮೆಯಿತ್ತು. ಗಿಳಿಮೀನನ್ನು ತಿನ್ನುವ ಗ್ರೂಪರ್‌ಗಳೂ ಉದ್ಯಾನದಲ್ಲಿ ಹೆಚ್ಚಿದ್ದವು. ಆದರೆ ದೊಡ್ಡದಾಗಿ ಬೆಳೆದ ಗಿಳಿಮೀನುಗಳು ಅವುಗಳ ಬಾಯಿಗೆ ಹಿಡಿಸುವ ಗಾತ್ರವನ್ನು ದಾಟಿದ್ದವು.

ಡೇರಿ ಬುಲ್ ಮತ್ತು ಅನಂತರ

1990ರ ದಶಕದ ಕೊನೆಯಲ್ಲಿ ಡಿಸ್ಕವರಿ ಬೇಯ ಸುತ್ತಮುತ್ತ ಡಯಾಡೆಮಾಗಳು ಅಲ್ಲಲ್ಲಿ ಮರಳತೊಡಗಿದವು. ಮೊದಲು ಕಂಡದ್ದು ಆಳವಿಲ್ಲದ ಕಡೆ, ಪಟ್ಟಿಯಂತೆ. ಪಾಚಿಯ ಪೊದೆಗಳ ನಡುವೆ ಆ ಪಟ್ಟಿಯಷ್ಟೇ ಬೆಳ್ಳಗೆ ಕೆರೆದಂತೆ ಕಾಣುತ್ತಿತ್ತು. ಪೀಟರ್ ಎಡ್ಮಂಡ್ಸ್ ಮತ್ತು ರಾಬರ್ಟ್ ಕಾರ್ಪೆಂಟರ್ 2001ರಲ್ಲಿ ವರದಿ ಮಾಡಿದಂತೆ ಡಯಾಡೆಮಾ ಇರುವ ಪಟ್ಟಿಯಲ್ಲಿ ಪಾಚಿ ಕಡಿಮೆಯಿತ್ತು, ಮರಿ ಹವಳಗಳ ಸಾಂದ್ರತೆ ಪಕ್ಕದ ಪಾಚಿಪಟ್ಟಿಗಿಂತ ಹಲವು ಪಟ್ಟು ಹೆಚ್ಚಿತ್ತು. ಡೇರಿ ಬುಲ್ ಎಂಬ ದಿಬ್ಬದಲ್ಲಿ ಬದಲಾವಣೆ ಇನ್ನೂ ಎದ್ದು ಕಾಣುವಂತಿತ್ತು: 1995ರಲ್ಲಿ ಶೇಕಡಾ 23 ಇದ್ದ ಹವಳ 2004ರಲ್ಲಿ ಶೇಕಡಾ 54ಕ್ಕೆ ಏರಿತು, ದೊಡ್ಡ ಪಾಚಿ ಶೇಕಡಾ 45ರಿಂದ 6ಕ್ಕೆ ಇಳಿಯಿತು. ಅಲ್ಲಿ ಹಳೆಯ ಗುಂಡು ಹವಳಗಳು ಪೂರ್ತಿ ನಾಶವಾಗದೆ ಉಳಿದಿದ್ದವು. ಅವುಗಳ ಉಬ್ಬುತಗ್ಗುಗಳು ಡಯಾಡೆಮಾಗಳಿಗೆ ಹಗಲಿನ ಅಡಗುದಾಣವಾಗಿರಬೇಕು ಎಂದು ಸಂಶೋಧಕರು ಊಹಿಸಿದರು. 1994ರಲ್ಲಿ ಮುಗಿದೇಹೋಯಿತು ಎನ್ನಿಸಿದ ತೀರದಲ್ಲಿಯೇ ಹತ್ತು ವರ್ಷದೊಳಗೆ ಇಂತಹ ಒಂದು ದಿಬ್ಬ ಸಿಕ್ಕಿತೆಂಬುದು ಈ ಪ್ರಕರಣದಲ್ಲಿ ನನಗೆ ಅತ್ಯಂತ ಭರವಸೆ ಕೊಡುವ ಮಾಹಿತಿ. 2005ರಲ್ಲಿ ಕೆರಿಬಿಯನ್ ಉದ್ದಕ್ಕೂ ನೀರು ಬಿಸಿಯಾಗಿ ಹವಳ ಬಿಳುಚಿದಾಗ ಡೇರಿ ಬುಲ್‌ಗೂ ಹಾನಿಯಾಯಿತು.

ಜೆರೆಮಿ ಜಾಕ್ಸನ್ ಮುಂತಾದವರು 2014ರಲ್ಲಿ ಪ್ರಕಟಿಸಿದ ಇಡೀ ಕೆರಿಬಿಯನ್ ಸಮೀಕ್ಷೆ, ಜಮೈಕಾದಿಂದ ಬಂದ ತಿಳಿವಳಿಕೆಯನ್ನು ಇಡೀ ಪ್ರದೇಶಕ್ಕೆ ವಿಸ್ತರಿಸಿ, ಗಿಳಿಮೀನುಗಳ ರಕ್ಷಣೆಗೆ ಆದ್ಯತೆ ಕೊಡಬೇಕೆಂದು ಕೇಳಿತು. ಬೆಲೀಜ್ 2009ರಲ್ಲಿಯೇ ಗಿಳಿಮೀನು ಹಿಡಿಯುವುದನ್ನು ನಿಷೇಧಿಸಿತ್ತು.

2022ರ ಜನವರಿಯಲ್ಲಿ ಅಮೆರಿಕದ ವರ್ಜಿನ್ ದ್ವೀಪಗಳ ಸೇಂಟ್ ಥಾಮಸ್‌ನಲ್ಲಿ ಡಯಾಡೆಮಾಗಳು ಮತ್ತೆ ಸಾಯತೊಡಗಿದವು. ಸಡಿಲವಾದ ಕಾಲು, ಉದುರುವ ಮುಳ್ಳು, ದಿನಗಳಲ್ಲಿ ಮುಗಿಯುವ ಸಾವು ಎಲ್ಲವೂ 1983ರಂತೆಯೇ ಇದ್ದವು. ಈ ಸಲ ಕಾರಣ ಪತ್ತೆಯಾಯಿತು: ಇಯಾನ್ ಹ್ಯೂಸನ್ ಮತ್ತು ಸಂಗಡಿಗರು 2023ರಲ್ಲಿ, ಮೈತುಂಬ ಸಣ್ಣ ರೋಮಗಳಿರುವ ಒಂದು ಏಕಕೋಶ ಜೀವಿಯನ್ನು ರೋಗಕಾರಕವೆಂದು ಗುರುತಿಸಿದರು. ಕೆಲವೇ ತಿಂಗಳಲ್ಲಿ ರೋಗ ಜಮೈಕಾವನ್ನೂ ಮುಟ್ಟಿತು. ಉತ್ತರ ತೀರದ ಒಂದೊಂದು ಕೊಲ್ಲಿಯಲ್ಲೂ ಇನ್ನು ಪಾಚಿಯನ್ನು ಹದ್ದಿನಲ್ಲಿಡುವ ಕೆಲಸ ಅಲ್ಲಿನ ಕೂಳಿಯ ಕಣ್ಣಿನಿಂದ ನುಸುಳಿ, ಈಟಿಗೆ ಸಿಗದೆ, ಕಾವಲಿರುವ ನೀರಿನಲ್ಲಿ ಬೆಳೆದ ಗಿಳಿಮೀನುಗಳ ಪಾಲಿಗೆ ಬಂದಿದೆ.